ತವರೋ, ನಮ್ಮ ಮನೆಯೋ: ಮಗು ಬಂದ ಮನೆಯ ಕೆಲಸ ಹೊಂದಿಸಿಕೊಳ್ಳುವ ದಾರಿಗಳು

ಮೊದಲ ಮಗಳು ಹುಟ್ಟಿದಾಗ ನನ್ನ ಹೆಂಡತಿ ಸಾಗರದ ಹತ್ತಿರದ ತವರಿನಲ್ಲಿ ಐದು ತಿಂಗಳ ಬಾಣಂತನ ಮುಗಿಸಿಕೊಂಡು ಬೆಂಗಳೂರಿಗೆ ಬಂದಳು. ಬಂದದ್ದು ಭಾನುವಾರ ಬೆಳಗ್ಗೆ. ಎಂಟು ದಿನ ಕಳೆದರೆ ಅವಳ ಕಚೇರಿ ಶುರು. ಆ ಎಂಟು ದಿನಗಳನ್ನು ನಾವಿಬ್ಬರೂ ಇಂದಿಗೂ ಮರೆತಿಲ್ಲ. ಮಗುವನ್ನು ಹೇಗೆ ಭುಜಕ್ಕೆ ಹಾಕಿಕೊಂಡರೆ ತೇಗು ಬರುತ್ತದೆ, ಸಂಜೆ ಆರರ ಅಳು ಹಸಿವಿನದೋ ನಿದ್ದೆಯದೋ, ಸ್ನಾನಕ್ಕೆ ನೀರು ಎಷ್ಟು ಬಿಸಿ ಇರಬೇಕು, ಇದೊಂದೂ ನನಗೆ ತಿಳಿದಿರಲಿಲ್ಲ. ಐದು ತಿಂಗಳಲ್ಲಿ ತಾಳಗುಪ್ಪದ ರಾತ್ರಿ ರೈಲು ಹತ್ತಿ ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಅಳಿಯನಿಗೆ ಕಾಫಿ, ತಿಂಡಿ, ಮಗುವನ್ನು ಮಡಿಲಲ್ಲಿ ಇಟ್ಟುಕೊಳ್ಳಲು ಅರ್ಧ ಗಂಟೆ. ಲಂಗೋಟಿ ಒದ್ದೆಯಾದ ಕೂಡಲೇ ಅತ್ತೆ, "ನೀವು ಬಿಡಿ, ನಾನು ನೋಡಿಕೊಳ್ಳುತ್ತೇನೆ" ಎಂದು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಅವರು ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದರು. ನಾನೂ ಬಿಟ್ಟುಬಿಟ್ಟೆ, ಅದು ನನ್ನ ತಪ್ಪು.

ಎರಡನೆಯವನು ಹುಟ್ಟಿದಾಗ ಬೇರೆ ದಾರಿ ಹಿಡಿದೆವು. ಹೆರಿಗೆ ಬೆಂಗಳೂರಿನಲ್ಲೇ, ಬಾಣಂತನ ಅಲ್ಲಿನ ನಮ್ಮ ಬಾಡಿಗೆ ಮನೆಯಲ್ಲಿ. ಹೀಗಾಗಿ ಎರಡು ಬಗೆಯ ವ್ಯವಸ್ಥೆಯನ್ನೂ ಒಳಗಿನಿಂದ ನೋಡಿದ್ದೇನೆ. ಇನ್ನು ಕೆಲವೇ ತಿಂಗಳಲ್ಲಿ ಮಗುವನ್ನು ಕಾಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ನಲವತ್ತು ದಿನ ಹೇಗೆ ಸಾಗುತ್ತದೆ ಎಂದು ನೋಡಿ ವ್ಯವಸ್ಥೆಯನ್ನು ಆರಿಸಬೇಡಿ. ಆ ದಿನಗಳಿಗೆ ನಮ್ಮಲ್ಲಿ ಶಾಸ್ತ್ರವಿದೆ, ಪಥ್ಯದ ಅಡುಗೆಯಿದೆ, ಹೇಳಿಕೊಡುವ ಹಿರಿಯರಿದ್ದಾರೆ. ಯಾವ ಶಾಸ್ತ್ರವೂ ಕಾಯದಿರುವುದು ಐದನೆಯ ತಿಂಗಳನ್ನು. ಅದನ್ನು ಕಣ್ಣ ಮುಂದಿಟ್ಟುಕೊಂಡು ಆರಿಸಿ.

ಮೊದಲು ತಿಂಗಳುಗಳ ಲೆಕ್ಕ

ಒಂದು ಕ್ಯಾಲೆಂಡರ್ ತೆಗೆದುಕೊಂಡು ಕುಳಿತುಕೊಳ್ಳಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ, ಕಾನೂನಿನ ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ ದುಡಿಯುವ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಸಿಗುತ್ತದೆ. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ನನ್ನ ಹೆಂಡತಿ 4 ವಾರ ಮುಂಚೆ ತೆಗೆದುಕೊಂಡಳು. ಉಳಿದದ್ದು 22 ವಾರ, ಅಂದರೆ ಹೆಚ್ಚುಕಡಿಮೆ ಐದು ತಿಂಗಳು. ನಮ್ಮ ಕಡೆ ಬಾಣಂತಿಯನ್ನು ಮೂರು ಅಥವಾ ಐದನೆಯ ತಿಂಗಳಿನಲ್ಲಿ ಗಂಡನ ಮನೆಗೆ ಕಳಿಸಿಕೊಡುವ ರೂಢಿ. ಐದಕ್ಕೆ ಕಳಿಸಿದರೆ ಏನಾಗುತ್ತದೆ ನೋಡಿ: ತವರು ಬಿಡುವುದೂ ಕಚೇರಿಗೆ ಮರಳುವುದೂ ಒಂದೇ ವಾರಕ್ಕೆ ಬಂದು ನಿಲ್ಲುತ್ತವೆ. ಮಗುವಿಗೆ ಹೊಸ ಮನೆ, ಹೊಸ ನೀರು, ಹೊಸ ಮುಖಗಳು. ತಾಯಿಗೆ ಅಷ್ಟು ದಿನ ಕೈಗೆ ಕೈ ಕೊಟ್ಟವರು ಯಾರೂ ಇಲ್ಲ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ವೈದ್ಯರು ಹೇಳಿರುತ್ತಾರೆ. ಅದಕ್ಕೂ ಇನ್ನೂ ಒಂದು ತಿಂಗಳು ಬಾಕಿ ಇರುತ್ತದೆ.

ಇದೇ ಕ್ಯಾಲೆಂಡರಿನಲ್ಲಿ ಲಸಿಕೆಯ ದಿನಗಳನ್ನೂ ಗುರುತು ಮಾಡಿ. ಹುಟ್ಟಿದಾಗಿನದು ಆಸ್ಪತ್ರೆಯಲ್ಲೇ ಆಗುತ್ತದೆ. ಆಮೇಲೆ 6, 10 ಮತ್ತು 14ನೆಯ ವಾರ. ಐದು ತಿಂಗಳು ತವರಿನಲ್ಲಿದ್ದರೆ ಈ ಮೂರೂ ಅಲ್ಲಿಯೇ ಮುಗಿದುಹೋಗುತ್ತವೆ. ಲಸಿಕೆ ಹಾಕಿಸಿಕೊಂಡ ಮಗುವಿಗೆ ರಾತ್ರಿ ಮೈ ಬಿಸಿಯಾದಾಗ ಎತ್ತಿಕೊಂಡು ಓಡಾಡುವ ಕೆಲಸ ಅಪ್ಪನಿಗೆ ಒಮ್ಮೆಯೂ ಸಿಗುವುದಿಲ್ಲ. ಮಗು ಅಪ್ಪನ ಕೈಗೆ ಒಗ್ಗಿಕೊಳ್ಳುವುದು ಅಂಥ ರಾತ್ರಿಗಳಲ್ಲಿಯೇ.

ಬಾಣಂತನ ಎಲ್ಲಿ, ಯಾರಿಂದ?

ತವರಿನ ಬಾಣಂತನಕ್ಕೆ ಸಮನಾದ ವಿಶ್ರಾಂತಿ ಬೇರೆಲ್ಲೂ ಇಲ್ಲ. ಇದನ್ನು ನಾನು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ. ಬೆಳಗ್ಗೆ ಬಚ್ಚಲ ಒಲೆಯ ಹಂಡೆಯಲ್ಲಿ ಕಾದ ನೀರು, ಮೆಂತ್ಯದ ಗಂಜಿ, ಮಧ್ಯಾಹ್ನ ಬೆಳ್ಳುಳ್ಳಿ, ಕಾಳುಮೆಣಸಿನ ಸಾರು, ತುಪ್ಪ. ಉತ್ತರ ಕರ್ನಾಟಕದ ಮನೆಗಳಲ್ಲಾದರೆ ಅಂಟಿನ ಉಂಡೆ, ಅಳವಿಯ ಪಾಯಸ, ಕೊಬ್ಬರಿ ಖಾರ. ಊಟ, ನಿದ್ದೆ, ಹಾಲೂಡಿಸುವುದು ಬಿಟ್ಟು ತಾಯಿಗೆ ಬೇರೆ ಕೆಲಸ ಇರುವುದಿಲ್ಲ. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿಕೊಂಡವರಿಗಂತೂ ಮೊದಲ ಆರು ವಾರ ಮಗುವಿಗಿಂತ ಭಾರದ ಯಾವುದನ್ನೂ ಎತ್ತಬಾರದು ಎನ್ನುತ್ತಾರೆ. ತುಂಬಿದ ಬಕೆಟ್, ಒದ್ದೆ ಬಟ್ಟೆಯ ಬುಟ್ಟಿ, ಗ್ಯಾಸ್ ಸಿಲಿಂಡರ್ ಎಲ್ಲವೂ ಅದರಲ್ಲಿ ಸೇರಿದವು. ತವರಿನಲ್ಲಿ ಇದನ್ನು ಯಾರೂ ನೆನಪಿಸಬೇಕಾಗಿಲ್ಲ. ಹಳ್ಳಿಯ ತವರಾದರೆ ಇನ್ನೊಂದು ಅನುಕೂಲವಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೇ ಬಂದು ಮಗುವಿನ ತೂಕ, ಹೊಕ್ಕುಳು, ತಾಯಿಯ ಆರೋಗ್ಯ ನೋಡಿಹೋಗುವ ಪದ್ಧತಿ ಇದೆ. ನಮ್ಮ ಮಗಳ ತೂಕ ಏರುತ್ತಿಲ್ಲ ಎಂದು ಮೊದಲು ಗಮನಿಸಿದ್ದು ಹಾಗೆ ಬಂದವರೇ. ಹಾಲೂಡಿಸುವಾಗ ಮಗುವನ್ನು ಹಿಡಿಯುವ ಬಗೆಯನ್ನು ಅವರು ತಿದ್ದಿಕೊಟ್ಟರು, ಎರಡು ವಾರದಲ್ಲಿ ತೂಕ ಸರಿಹೋಯಿತು.

ಕೊರತೆ ಯಾವುದು ಎಂದು ಆಗಲೇ ಹೇಳಿದೆ. ಅಪ್ಪ ಅತಿಥಿಯಾಗುತ್ತಾನೆ. ಅದರ ಜೊತೆಗೆ ಸಣ್ಣದೊಂದು ಕಾಗದದ ತೊಡಕು: ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, 21 ದಿನಗಳ ಒಳಗೆ. ಹೆಸರಿಡದೆ ನೋಂದಾಯಿಸಿ ಆಮೇಲೆ ಹೆಸರು ಸೇರಿಸಬಹುದು. ಆದರೆ ಅದಕ್ಕೂ ಮತ್ತೆ ಅದೇ ಊರಿನ ಕಚೇರಿಗೇ ಹೋಗಬೇಕು.

ಎರಡನೆಯ ದಾರಿ, ಅಮ್ಮನೋ ಅತ್ತೆಯೋ ನಮ್ಮ ಮನೆಗೆ ಬಂದಿರುವುದು. ಎರಡನೆಯ ಮಗುವಿಗೆ ನಾವು ಮಾಡಿದ್ದು ಇದನ್ನೇ. ಒಬ್ಬರನ್ನೇ ಐದು ತಿಂಗಳು ಕೂರಿಸಿಕೊಳ್ಳಲಿಲ್ಲ. ಮೊದಲ ಎರಡು ತಿಂಗಳು ಅತ್ತೆ, ಆಮೇಲೆ ಒಂದು ತಿಂಗಳು ನನ್ನ ಅಮ್ಮ, ನಡುನಡುವೆ ಚಿಕ್ಕಮ್ಮ. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ನಿಂದ ರಾಜ್ಯದ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಇದರಿಂದ ಹಿರಿಯರು ಹೋಗಿ ಬರುವುದು ಸುಲಭವಾಗಿದೆ. ನಮ್ಮ ಚಿಕ್ಕಮ್ಮ ಮೂರು ಬಾರಿ ಬಂದು ಹೋದರು.

ಈ ದಾರಿಯಲ್ಲಿ ಎಚ್ಚರ ಬೇಕಾದ ಜಾಗ ಒಂದಿದೆ. ಅರವತ್ತು ದಾಟಿದ ಹೆಂಗಸೊಬ್ಬರು ಪರಿಚಯವಿಲ್ಲದ ಅಡುಗೆಮನೆಗೆ ಬಂದು, ಬಾಣಂತಿಯ ಅಡುಗೆ, ಮನೆಯವರ ಅಡುಗೆ, ಮಗುವಿನ ಸ್ನಾನ, ಬಟ್ಟೆ ಎಲ್ಲವನ್ನೂ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಮಂಡಿನೋವಿನ ಮಾತ್ರೆ ನುಂಗಿಕೊಂಡೇ ಮಾಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಅವರು ಬರುವುದು ಬಾಣಂತಿ ಮತ್ತು ಮಗುವಿಗಾಗಿ. ಉಳಿದ ಮನೆಗೆಲಸಕ್ಕೆ ಬೇರೆ ಕೈ ಇರಲೇಬೇಕು. ಅತ್ತೆ ಬರುವ ಹಿಂದಿನ ವಾರವೇ ನಾನು ಪಾತ್ರೆ, ಕಸ, ನೆಲಕ್ಕೆ ಬರುವ ಕೆಲಸದಾಕೆಯ ಹತ್ತಿರ ಬಟ್ಟೆಯನ್ನೂ ಸೇರಿಸಿ ಮಾತಾಡಿ ಸಂಬಳ ಹೆಚ್ಚಿಸಿದೆ. ಹಣ ಎಲ್ಲಿ ಖರ್ಚು ಮಾಡಬೇಕು ಎಂದು ಯಾರಾದರೂ ಕೇಳಿದರೆ ತೊಟ್ಟಿಲು, ಆಟಿಕೆ, ನಾಮಕರಣದ ಊಟಕ್ಕಿಂತ ಮುಂಚೆ ಇದಕ್ಕೆ ಮಾಡಿ ಎನ್ನುತ್ತೇನೆ.

ಮೂರನೆಯದು, ಸಂಬಳಕ್ಕೆ ಬರುವ ಬಾಣಂತನದವರು. ಕೆಲವರು ಬೆಳಗಿನ ಹೊತ್ತು ಎರಡು ಗಂಟೆಯ ಮಟ್ಟಿಗೆ ಬಂದು ತಾಯಿ-ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ ಹೋಗುತ್ತಾರೆ. ಕೆಲವರು ಮನೆಯಲ್ಲೇ ಉಳಿಯುತ್ತಾರೆ. ಹಿರಿಯರು ಬರಲಾಗದ ಮನೆಗಳಿಗೆ ಇದು ದೊಡ್ಡ ಆಸರೆ. ಬರುವ ಮುಂಚೆ ಎರಡು ವಿಷಯ ಬಿಡಿಸಿ ಮಾತಾಡಿ. ಒಂದು, ಪದ್ಧತಿಗಳದ್ದು. ಕಿವಿ, ಮೂಗಿಗೆ ಎಣ್ಣೆ ಬಿಡುವುದು, ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಹಾಕುವುದು, ಜೇನು ನೆಕ್ಕಿಸುವುದು, ಬಜೆ ತೇದು ಕೊಡುವುದು ಬೇಡ ಎನ್ನುತ್ತಾರೆ ಮಕ್ಕಳ ವೈದ್ಯರು. ಒಂದು ವರ್ಷದೊಳಗಿನ ಮಗುವಿಗೆ ಜೇನು ನಿಜಕ್ಕೂ ಅಪಾಯ. ಇದನ್ನು ಮೊದಲ ದಿನವೇ ಗೌರವದಿಂದ ಹೇಳಬೇಕು. ಮೂರನೆಯ ದಿನ ಹೊಗೆ ಹಾಕುತ್ತಿರುವಾಗ ತಡೆದರೆ ಅವರ ಅನುಭವಕ್ಕೆ ಅವಮಾನ ಮಾಡಿದಂತಾಗುತ್ತದೆ. ಇನ್ನೊಂದು, ಅವರದೇ ಅನುಕೂಲದ್ದು. ಮಲಗಲು ಜಾಗ, ವಾರಕ್ಕೊಂದು ರಜೆ, ಹೊತ್ತಿಗೆ ಸರಿಯಾಗಿ ಊಟ. ಬಾಣಂತನದವರನ್ನು ಕರೆಸಿಕೊಂಡು ಮನೆಯವರೆಲ್ಲರ ಅಡುಗೆಯನ್ನೂ ಮಾಡಿಸುವುದನ್ನು ಕಂಡಿದ್ದೇನೆ. ಅದು ಅನ್ಯಾಯ. ಅವರಿಗೂ ಮನೆಯಿದೆ, ಅಲ್ಲಿ ಕಾಯುವ ಮೊಮ್ಮಕ್ಕಳಿದ್ದಾರೆ.

ಯಾರೂ ಇಲ್ಲದೆ ಇಬ್ಬರೇ ಮಾಡಿಕೊಳ್ಳುವುದು ನಾಲ್ಕನೆಯ ದಾರಿ. ಹೊರದೇಶದಲ್ಲಿರುವ ಎಷ್ಟೋ ಕನ್ನಡಿಗರಿಗೆ ಇರುವುದು ಇದೊಂದೇ. ಊರಿನಲ್ಲಿದ್ದೂ ಇದನ್ನು ಆರಿಸುವವರಿಗೆ ನನ್ನದೊಂದೇ ಮಾತು: ಗಂಡನಿಗೆ ರಜೆ ಎಷ್ಟು ದಿನ ಎಂದು ಮೊದಲು ಕೇಳಿಕೊಳ್ಳಿ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕೆಲಸದಲ್ಲಿ ಅದು ಕಂಪನಿಯ ಇಷ್ಟ. ತಾಯಿ ಹಗಲಿಡೀ ಮಗುವಿನೊಂದಿಗೆ ಒಬ್ಬಳೇ ಇರುವ ವ್ಯವಸ್ಥೆ, ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಹೆರಿಗೆಯ ನಂತರದ ಮೊದಲ ವಾರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ಮಗು ಮಲಗಿದ್ದರೂ ನಿದ್ದೆ ಬಾರದಿದ್ದರೆ ಅದನ್ನು ಸುಸ್ತು ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಬೇರೆ ಮಾಡದೆ ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವೂ ಇದೆ.

ಹಾಗಾದರೆ ಯಾವುದು? ತಾಯಿಗೆ ಕೆಲಸಕ್ಕೆ ಮರಳುವ ದಿನಾಂಕವಿದ್ದರೆ ಮೂರು ತಿಂಗಳು ತವರು, ಉಳಿದ ಎರಡು ತಿಂಗಳು ತಮ್ಮ ಮನೆ ಎಂಬ ಬೆರಕೆಯೇ ಒಳ್ಳೆಯದು. ಪಿತೃತ್ವ ರಜೆಯನ್ನು ಹೆರಿಗೆಯ ವಾರದಲ್ಲೇ ಪೂರ್ತಿ ಮುಗಿಸಿಕೊಳ್ಳಬೇಡಿ. ಕೇಂದ್ರದ ನಿಯಮದಲ್ಲಿ ಮಗು ಹುಟ್ಟಿ ಆರು ತಿಂಗಳವರೆಗೆ ಅದನ್ನು ಬಳಸಬಹುದು. ಹೆಂಡತಿ, ಮಗು ಮನೆಗೆ ಬರುವ ವಾರಕ್ಕೆ ಉಳಿಸಿಕೊಳ್ಳಿ. ಕೆಲಸಕ್ಕೆ ಮರಳುವ ಆತುರವಿಲ್ಲದವರಿಗೆ ಐದು ತಿಂಗಳ ತವರೂ ಸರಿಯೇ. ಆದರೆ ಅಪ್ಪ ಅಲ್ಲಿಗೆ ಹೋದಾಗ ಅವನ ಕೈಗೆ ಲಂಗೋಟಿ ಕೊಡಿ, ಕಾಫಿ ಆಮೇಲೆ ಆಗಲಿ.

ಗಂಡ ಹೆಂಡತಿ ನಡುವೆ: ಸರದಿಯೋ, ಬಾಬತ್ತೋ?

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡುವುದು 97 ನಿಮಿಷ. ಮಗು ಬರುವ ಮುಂಚೆ ನಮ್ಮ ಮನೆಯಲ್ಲಿ ಹಾಗಿಲ್ಲ ಎಂದುಕೊಂಡಿದ್ದೆ. ಬಂದ ಮೇಲೆ ನೋಡಿದರೆ ಹಾಗೆಯೇ ಇತ್ತು.

ಸರದಿ ಪದ್ಧತಿಯನ್ನು ಮೊದಲು ಹಿಡಿದೆವು. ಈ ದಿನ ನಾನು ಅಡುಗೆ, ನಾಳೆ ನೀನು. ಈ ಸಲ ನಾನು ಲಂಗೋಟಿ ಬದಲಿಸುತ್ತೇನೆ, ಮುಂದಿನದು ನಿನ್ನದು. ಕೇಳಲು ಬಹಳ ನ್ಯಾಯವಾಗಿದೆ. ಮಗುವಿನ ಮನೆಯಲ್ಲಿ ಅದು ಎರಡು ವಾರವೂ ನಿಲ್ಲಲಿಲ್ಲ. ಏಕೆಂದರೆ ಸರದಿ ಯಾರದು ಎಂದು ನೆನಪಿಟ್ಟುಕೊಳ್ಳುವುದೇ ಒಂದು ಕೆಲಸ, ಅದು ಪ್ರತಿ ಬಾರಿಯೂ ಅವಳ ಪಾಲಿಗೇ ಬೀಳುತ್ತಿತ್ತು. "ಸೋಪಿನ ಪುಡಿ ಮುಗಿಯಿತಾ?" ಎಂದು ನಾನು ಕೇಳುವುದು, ಅವಳು ಯೋಚಿಸಿ ಉತ್ತರ ಹೇಳುವುದು. ತಂದದ್ದು ನಾನಾದರೂ ಅದರ ಚಿಂತೆ ಅವಳದೇ.

ಬಾಬತ್ತು ಹಂಚಿಕೊಂಡ ಮೇಲೆ ಮನೆ ಹಗುರವಾಯಿತು. ಒಂದು ಬಾಬತ್ತು ಒಬ್ಬರದೆಂದರೆ ಅದರ ನೆನಪು, ಸಾಮಾನು, ಮಾಡುವುದು, ಮುಗಿದ ಮೇಲೆ ಒರೆಸಿಡುವುದು ಎಲ್ಲವೂ ಅವರದೇ. ಬಟ್ಟೆ ನನ್ನದಾಯಿತು: ನೆನೆಸುವುದು, ಒಗೆಯುವ ಯಂತ್ರಕ್ಕೆ ಹಾಕುವುದು, ಒಣಗಿಸುವುದು, ಮಡಿಸುವುದು, ಸೋಪಿನ ಪುಡಿ ಮುಗಿಯುವ ಮುಂಚೆ ತರುವುದು. ಲಸಿಕೆ, ತಾಯಿ ಕಾರ್ಡ್, ವೈದ್ಯರ ಭೇಟಿ, ಜನನ ಪ್ರಮಾಣಪತ್ರವೂ ನನ್ನದು. ಬಾಟಲಿ, ಪಾಲಾಡೆ (ಮಗುವಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು) ಕುದಿಸುವುದು ನನ್ನದು. ದಿನಸಿ, ತರಕಾರಿ, ಅಡುಗೆಯ ಯೋಚನೆ ಅವಳದು. ಅದನ್ನು ಅವಳೇ ಕೇಳಿ ತೆಗೆದುಕೊಂಡಳು, ಅವಳಿಗೆ ಅಡುಗೆ ಇಷ್ಟ. ಮಗುವಿಗೆ ಹಾಲೂಡಿಸುವುದನ್ನು ಮಾತ್ರ ಯಾರೂ ಹಂಚಿಕೊಳ್ಳಲಾಗುವುದಿಲ್ಲ. ಎಳೆಯ ಮಗು ದಿನಕ್ಕೆ 8ರಿಂದ 12 ಬಾರಿ ಹಾಲು ಕುಡಿಯುತ್ತದೆ. ಒಂದು ಬಾರಿಗೆ ಅರ್ಧ ಗಂಟೆ ಹಿಡಿದರೂ ಅದೇ ನಾಲ್ಕರಿಂದ ಆರು ಗಂಟೆ. ಬಾಬತ್ತುಗಳನ್ನು ತೂಗುವಾಗ ಈ ಗಂಟೆಗಳನ್ನು ಅವಳ ತಟ್ಟೆಗೆ ಮೊದಲೇ ಹಾಕಿ ತೂಗಬೇಕು. ಹಾಗೆ ತೂಗಿದರೆ ಉಳಿದ ಮನೆಗೆಲಸದ ಹೆಚ್ಚಿನ ಪಾಲು ಆ ತಿಂಗಳುಗಳಲ್ಲಿ ಗಂಡನದೇ ಆಗುತ್ತದೆ. ಆಗಲೂ ಬೇಕು.

ಬಾಬತ್ತು ಪದ್ಧತಿಗೆ ಒಂದು ಕಟ್ಟುಪಾಡು ಇದೆ, ಪಾಲಿಸಲು ಕಷ್ಟದ್ದು. ಕೊಟ್ಟ ಮೇಲೆ ಕೈ ಹಾಕಬಾರದು. ನಾನು ಲಂಗೋಟಿ ಮಡಿಸುವ ಬಗೆ ಅವಳಿಗೆ ಹಿಡಿಸುತ್ತಿರಲಿಲ್ಲ. ಮೊದಲೆರಡು ವಾರ ನಾನು ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಒಂದು ಸಂಜೆ ಅತ್ತೆಯೇ, "ಬಿಡು ಮಗಳೇ, ಒಣಗಿದ್ದರೆ ಸಾಕು" ಎಂದರು. ಮೊದಲ ಬಾಣಂತನದಲ್ಲಿ ನನ್ನ ಕೈಯಿಂದ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದವರು ಅವರೇ. ಆ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು.

ರಾತ್ರಿಯ ಪಾಳಿ

ರಾತ್ರಿಯನ್ನು ಅರ್ಧಕ್ಕೆ ಕತ್ತರಿಸಲು ಹೋಗಬೇಡಿ. ಎರಡು ಮೂರು ಗಂಟೆಗೊಮ್ಮೆ ಮಗು ಏಳುತ್ತದೆ, ಪ್ರತಿ ಬಾರಿಯೂ ತಾಯಿ ಏಳಲೇಬೇಕು. ಇಬ್ಬರೂ ಒಟ್ಟಿಗೆ ಎದ್ದು ಒಟ್ಟಿಗೆ ಮಲಗುವ ಪದ್ಧತಿಯಲ್ಲಿ ಪ್ರೀತಿ ಇದೆ, ಆದರೆ ಬೆಳಗ್ಗೆ ಇಬ್ಬರೂ ಸೋತಿರುತ್ತಾರೆ. ನಮಗೆ ಒದಗಿಬಂದದ್ದು ಬೇರೆ: ತಾಯಿಗೆ ದಿನಕ್ಕೊಮ್ಮೆ ನಾಲ್ಕೈದು ಗಂಟೆಗಳ ತುಂಡಾಗದ ನಿದ್ದೆ. ರಾತ್ರಿ ಎಂಟಕ್ಕೆ ಹಾಲೂಡಿಸಿ ಅವಳು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ಆಗಿನಿಂದ ನಡುರಾತ್ರಿ ಕಳೆದು ಒಂದು ಹೊಡೆಯುವವರೆಗೆ ಮಗು ನನ್ನದು. ನಡುವಿನ ಒಂದು ಹೊತ್ತಿಗೆ ಹಿಂಡಿಟ್ಟ ಹಾಲನ್ನು ಪಾಲಾಡೆಯಲ್ಲಿ ಕುಡಿಸುತ್ತಿದ್ದೆ. ಒಂದರ ನಂತರ ಅವಳ ಪಾಳಿ, ನಾನು ಆರರವರೆಗೆ ಮಲಗುತ್ತಿದ್ದೆ.

ಇದನ್ನು ಶುರು ಮಾಡಿದ್ದು ಮಗುವಿಗೆ ಒಂದೂವರೆ ತಿಂಗಳಾದ ಮೇಲೆ. ಅದಕ್ಕೆ ಮುಂಚೆ ಹಾಲು ಚೆನ್ನಾಗಿ ಕೂಡಿಕೊಳ್ಳಬೇಕು. ಹಿಂಡಿದ ಹಾಲನ್ನು ಹೊರಗೆ ನಾಲ್ಕು ಗಂಟೆಗಿಂತ ಹೆಚ್ಚು ಇಡಬಾರದು, ಆ ಲೆಕ್ಕವೂ 25 ಡಿಗ್ರಿಯ ಆಸುಪಾಸಿನ ತಂಪಿಗೆ. ರಾಯಚೂರು, ಕಲಬುರಗಿಯ ಬೇಸಿಗೆಗೆ ಅದು ಹೊಂದುವುದಿಲ್ಲ. ಹಿಂಡಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಫ್ರಿಜ್ಜಿನ ಒಳಬದಿಯಲ್ಲಿ ನಾಲ್ಕು ದಿನದವರೆಗೆ ಇರುತ್ತದೆ, ಬಾಗಿಲಿನ ತಟ್ಟೆಯಲ್ಲಿ ಇಡಬೇಡಿ. ಹಿಂಡುವುದು ಬೇಡ ಎನ್ನುವವರು ಇನ್ನೊಂದು ರೀತಿ ಮಾಡಬಹುದು. ಗಂಡ ಮಗುವನ್ನು ತಂದು ತಾಯಿಯ ಪಕ್ಕದಲ್ಲಿ ಹಾಕಿ, ಕುಡಿದಾದ ಮೇಲೆ ಎತ್ತಿಕೊಂಡು ಹೋಗಿ ತೇಗಿಸಿ, ಬಟ್ಟೆ ಬದಲಿಸಿ ಮಲಗಿಸುವುದು. ತಾಯಿ ಹಾಸಿಗೆಯಿಂದ ಏಳಬೇಕಾಗಿಲ್ಲ, ದೀಪ ಹಾಕಬೇಕಾಗಿಲ್ಲ. ಇಷ್ಟರಿಂದಲೇ ಎಷ್ಟು ವ್ಯತ್ಯಾಸ ಎಂದು ಮಾಡಿ ನೋಡಿದವರಿಗೇ ಗೊತ್ತು.

ಅಡುಗೆಮನೆ

ಅಡುಗೆಯವರನ್ನು ಇಟ್ಟುಕೊಳ್ಳುವುದು, ಊಟದ ಡಬ್ಬಿ ತರಿಸುವುದು, ವಾರಕ್ಕೊಮ್ಮೆ ಕೂಡಿಸಿ ಮಾಡಿಟ್ಟುಕೊಳ್ಳುವುದು, ಈ ಮೂರರಲ್ಲಿ ಮೊದಲ ಮೂರು ತಿಂಗಳಿಗೆ ಡಬ್ಬಿ ಸರಿಹೋಗುವುದಿಲ್ಲ. ಬಾಣಂತಿಗೆ ಬೇಕಾದ ಬಿಸಿ, ಮೃದು, ಕಡಿಮೆ ಖಾರದ ಊಟ ಹೊರಗೆ ಸಿಗುವುದು ಅಪರೂಪ. ಗಂಡನಿಗೆ, ಬಂದುಹೋಗುವವರಿಗೆ ಡಬ್ಬಿ ಇರಲಿ, ಬಾಣಂತಿಗೆ ಮನೆಯಲ್ಲಿ ಆಗಲಿ. ಒಂದೇ ಒಲೆಯ ಮೇಲಿನ ಭಾರ ಅರ್ಧ ಇಳಿಯುತ್ತದೆ.

ಐದನೆಯ ತಿಂಗಳಿಗೆ ನನಗೆ ಒಗ್ಗಿದ್ದು ಮಾಡಿಟ್ಟುಕೊಳ್ಳುವ ಪದ್ಧತಿ. ಅತ್ತೆ ಹೊರಡುವ ಮುಂಚೆ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಮಾಡಿಕೊಟ್ಟಿದ್ದರು. ಭಾನುವಾರ ದೋಸೆ ಹಿಟ್ಟು ರುಬ್ಬಿದರೆ ಬುಧವಾರದವರೆಗೆ ಬೆಳಗ್ಗೆಯ ಯೋಚನೆ ಇಲ್ಲ. ತರಕಾರಿ ಹೆಚ್ಚಿ ಡಬ್ಬಿಗೆ ಹಾಕಿಟ್ಟು, ಬೇಳೆ ರಾತ್ರಿಯೇ ಬೇಯಿಸಿಟ್ಟರೆ ಬೆಳಗ್ಗೆ ಹುಳಿಗೆ ಇಪ್ಪತ್ತು ನಿಮಿಷ ಸಾಕು. ಅಡುಗೆಯವರು ದೊರೆತರೆ ಸಂತೋಷ. ಆದರೆ ಅವರು ಬಾರದ ದಿನದ ವ್ಯವಸ್ಥೆ ಏನೆಂದು ಮೊದಲೇ ತೀರ್ಮಾನವಾಗಿರಲಿ, ಅವಲಕ್ಕಿ ಮೊಸರಾದರೂ ಸರಿಯೇ.

ಲಂಗೋಟಿ, ಡೈಪರ್

ಹಳೆಯ ಹತ್ತಿ ಸೀರೆ, ಪಂಚೆ ಹರಿದು ಮಾಡಿದ ಲಂಗೋಟಿಯಷ್ಟು ಮೆತ್ತಗಿನದು ಬೇರೊಂದಿಲ್ಲ. ಎಳೆಯ ಮಗುವಿಗೆ ದಿನಕ್ಕೆ ಹನ್ನೆರಡು ಹದಿನೈದು ಬೇಕಾಗುತ್ತವೆ, ಒಗೆದದ್ದು ಒಣಗುವವರೆಗಿನ ಅಂತರವನ್ನೂ ಸೇರಿಸಿದರೆ ಮೂವತ್ತಾದರೂ ಇರಬೇಕು. ಡೈಪರ್ ಒಂದಕ್ಕೆ 10ರಿಂದ 15 ರೂಪಾಯಿ. ದಿನಕ್ಕೆ ಎಂಟು ಹಾಕಿದರೆ ತಿಂಗಳಿಗೆ 2,400ರಿಂದ 3,600 ರೂಪಾಯಿ.

ಆದರೆ ಇಲ್ಲಿ ಹಣಕ್ಕಿಂತ ಮುಖ್ಯವಾದದ್ದು ನೀರು, ಬಿಸಿಲು ಮತ್ತು ಒಗೆಯುವ ಕೈ. ಮಗು ಹುಟ್ಟುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಊರು ಮಲೆನಾಡು ಅಥವಾ ಕರಾವಳಿ ಎಂದಾದರೆ ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ. ಬಚ್ಚಲ ಒಲೆಯ ಬಿಸಿಗೆ ಹಗ್ಗ ಕಟ್ಟಿ ಒಣಗಿಸುವ ಅನುಕೂಲ ತವರಿನಲ್ಲಿತ್ತು, ಬೆಂಗಳೂರಿನ ಮನೆಯಲ್ಲಿ ಎಲ್ಲಿಂದ ಬರಬೇಕು? ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಯಲ್ಲಂತೂ ಬಟ್ಟೆ ಒಗೆಯುವುದೂ ಅಗ್ಗವಲ್ಲ. ನಾವು ಹಗಲು ಲಂಗೋಟಿ, ರಾತ್ರಿ ಮತ್ತು ಹೊರಗೆ ಹೋಗುವಾಗ ಡೈಪರ್ ಎಂದು ಮಾಡಿಕೊಂಡೆವು. ಒಗೆಯುವವರಿಗೆ ಹುಷಾರಿಲ್ಲದ ದಿನ ಪೂರ್ತಿ ಡೈಪರ್, ಅದಕ್ಕೆ ಯಾರೂ ಮುಖ ಸಣ್ಣದು ಮಾಡಬಾರದೆಂಬ ಒಪ್ಪಂದವೂ ಇತ್ತು.

ಬಳಸಿದ ಡೈಪರನ್ನು ಮಡಿಸಿ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಬೆಂಗಳೂರಿನಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಇಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಎಂಬ ಪದ್ಧತಿ ಇರುವುದು ಕಸ ಬೇರ್ಪಡಿಸುವವರು ಬರಿಗೈಯಲ್ಲಿ ಇದನ್ನು ಮುಟ್ಟದಿರಲಿ ಎಂದೇ. ನಮ್ಮ ಮಗುವಿನ ಮಲ ಇನ್ನೊಬ್ಬ ತಾಯಿಯ ಕೈಗೆ ಅಂಟಬಾರದು.

ಗೋಡೆಯ ಹಾಳೆ, ಮೊಬೈಲ್

ಹಾಲು, ನಿದ್ದೆ, ಲಂಗೋಟಿ ಎಲ್ಲ ಬರೆದಿಡುವ ಆ್ಯಪ್‌ಗಳಿವೆ. ಒಂದು ವಾರ ಬಳಸಿ ಬಿಟ್ಟೆವು, ಏಕೆಂದರೆ ಅತ್ತೆಗೂ ಕೆಲಸದಾಕೆಗೂ ಅದು ಕಾಣುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಒಂದು ಹಾಳೆ ಎಲ್ಲರಿಗೂ ಕಾಣುತ್ತದೆ. ಕೊನೆಯ ಬಾರಿ ಹಾಲು ಕುಡಿದ ಹೊತ್ತು, ಹನಿ ಔಷಧಿ ಹಾಕಿದ್ದಕ್ಕೆ ಒಂದು ಗೀಟು, ಮುಗಿಯುತ್ತಾ ಬಂದಿರುವ ಸಾಮಾನು. ವೈದ್ಯರ ಭೇಟಿ, ಲಸಿಕೆಯ ದಿನಕ್ಕೆ ಮಾತ್ರ ಮೊಬೈಲಿನ ಗಂಟೆ.

ಕೆಲಸಕ್ಕೆ ಮರಳುವ ವಾರ

ಹಗಲು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಅಜ್ಜಿ, ಮನೆಗೆ ಬರುವ ಆಯಾ, ಶಿಶುಪಾಲನಾ ಕೇಂದ್ರ ಎಂಬ ಮೂರು ಉತ್ತರಗಳಿವೆ. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ವ್ಯವಸ್ಥೆ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಹೋಗಿ ಬರಲು ಬಿಡಬೇಕು ಎಂದು ಅದೇ 2017ರ ತಿದ್ದುಪಡಿ ಹೇಳಿತು. ರಜೆ ಮುಗಿಯುವ ಒಂದು ತಿಂಗಳು ಮುಂಚೆಯೇ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳು ನಡೆಸುವ ಕೂಸಿನ ಮನೆಗಳು ಇವೆ. ಪಂಚಾಯಿತಿಯಲ್ಲಿ ವಿಚಾರಿಸಬಹುದು.

ಕಚೇರಿಯ ಹತ್ತಿರದ ಕೇಂದ್ರ ಒಳ್ಳೆಯದೋ ಮನೆಯ ಹತ್ತಿರದ್ದೋ ಎಂದು ಬಹಳ ಜನ ಕೇಳುತ್ತಾರೆ. ಎದೆಹಾಲು ಕುಡಿಯುವ ತಿಂಗಳುಗಳಲ್ಲಿ ಕಚೇರಿಯ ಹತ್ತಿರದ್ದೇ ಮೇಲು. ಆದರೆ ಬೆಂಗಳೂರಿನ ಸಂಚಾರದಲ್ಲಿ ಒಂದು ಗಂಟೆ ಮಗುವನ್ನು ಹೊತ್ತುಕೊಂಡು ಹೋಗಬೇಕಾದರೆ ಮನೆಯ ಹತ್ತಿರದ್ದನ್ನು ನೋಡಿ, ಹಾಲು ಹಿಂಡಿಟ್ಟು ಹೋಗಿ.

ಎರಡನೆಯ ಮಗುವಿನ ಸಲ ನಾವು ಆಯಾ ಮತ್ತು ನನ್ನ ಅಮ್ಮ ಇಬ್ಬರನ್ನೂ ನೆಚ್ಚಿಕೊಂಡೆವು. ರಜೆ ಮುಗಿಯುವ ಹದಿನೈದು ದಿನ ಮುಂಚೆ ಒಂದು ವಾರ ಅಭ್ಯಾಸ ಮಾಡಿದೆವು. ಸೋಮವಾರ ಅವಳು ಒಂದು ಗಂಟೆ ಹೊರಗೆ ಹೋಗಿ ಗ್ರಂಥಾಲಯದಲ್ಲಿ ಕುಳಿತು ಬಂದಳು. ಮಂಗಳವಾರ ಎರಡು ಗಂಟೆ. ಬುಧವಾರ ಮಗು ಪಾಲಾಡೆಯನ್ನು ತಳ್ಳಿ ಅತ್ತಿತು, ಆಯಾ ಫೋನು ಮಾಡಿದರು, ಅವಳು ಓಡಿ ಬಂದಳು. ಗುರುವಾರ ನಾನು ಅರ್ಧ ದಿನ ರಜೆ ಹಾಕಿ ಮನೆಯಲ್ಲಿದ್ದು, ಮೊದಲ ಗುಟುಕನ್ನು ನಾನೇ ಕೊಟ್ಟು ಪಾಲಾಡೆಯನ್ನು ಆಯಾಳ ಕೈಗೆ ದಾಟಿಸಿದೆ. ಶುಕ್ರವಾರ ಅವಳು ಬೆಳಗ್ಗೆ ಒಂಬತ್ತಕ್ಕೆ ಹೋಗಿ ಮಧ್ಯಾಹ್ನ ಎರಡಕ್ಕೆ ಬಂದಾಗ ಮಗು ತೊಟ್ಟಿಲಲ್ಲಿ ಮಲಗಿತ್ತು, ಬಾಗಿಲಿನ ಹಾಳೆಯ ಮೇಲೆ ಅಮ್ಮನ ಕೈಬರಹದಲ್ಲಿ "12.10, ಪೂರ್ತಿ ಕುಡಿದ" ಎಂದು ಬರೆದಿತ್ತು.